ಖೋಖೋ ಅಂಕಣದಲ್ಲಿ ಫುಟ್‌ಬಾಲ್ ಪಾಠ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿರುವ ಹೊಳವನಹಳ್ಳಿ ಒಂದು ಹೋಬಳಿ ಕೇಂದ್ರ. ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರಿಗೆ ಸೇರಿದ್ದರೂ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ, ಇಲ್ಲಿನ ಶಾಲೆಗಳ ಮಕ್ಕಳು ಕೆಳಗಿನ ಹಂತಗಳನ್ನು ದಾಟಿದ ಮೇಲೆ ತಮ್ಮದೇ ಜಿಲ್ಲೆಯ ಹೆಸರಿನಲ್ಲಿ ಬೆಂಗಳೂರು ವಿಭಾಗ ಮಟ್ಟದ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಕಬಡ್ಡಿ, ಖೋಖೋಗಳಲ್ಲಿ ಅವರು ಯಾರಿಗೂ ಅಂಜಬೇಕಾಗಿಲ್ಲ. ಫುಟ್‌ಬಾಲ್‌ನಲ್ಲಿ ಮಾತ್ರ ಅದೇ ವಿಭಾಗದ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಜಿಲ್ಲೆಗಳ ತಂಡಗಳು ಎದುರಾದಾಗ, ಎಳವೆಯಲ್ಲೇ ಕ್ಲಬ್ಬು ಅಕಾಡೆಮಿಗಳಲ್ಲಿ ಪಳಗಿದ ಮಕ್ಕಳ ಮುಂದೆ ಆಡಬೇಕಾಗಬಹುದು. ಓಟದಲ್ಲಿ, ದಮ್ಮಿನಲ್ಲಿ, ಛಲದಲ್ಲಿ ಹಳ್ಳಿಯ ಮಕ್ಕಳು ಹಿಂದೆ ಬೀಳುವುದಿಲ್ಲ. ಅವರು ಹಿಂದೆ ಬೀಳುವುದು ಚೆಂಡು ಕಾಲಿಗೆ ಬರುವ ಮೊದಲೇ ಮಾಡಿಕೊಂಡಿರಬೇಕಾದ ತೀರ್ಮಾನದಲ್ಲಿ. ಆ ತೀರ್ಮಾನವನ್ನು ಕಲಿಸಲು ಬರುತ್ತದೆ, ಅದಕ್ಕೆ ಹುಲ್ಲುಹಾಸಿನ ಮೈದಾನ ಬೇಕೇ ಬೇಕೆಂದೇನೂ ಇಲ್ಲ, ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿಟ್ಟಿರುವ ಅಂಕಣಗಳೇ ಬಹುಮಟ್ಟಿಗೆ ಸಾಕು ಎಂಬುದು ಈ ಬರಹದ ವಾದ.

ಫುಟ್‌ಬಾಲ್ ತರಬೇತಿಯಲ್ಲಿ ಚೆಂಡನ್ನು ಒದೆಯುವ, ತಡೆಯುವ, ಕಾಲಿಗಂಟಿಸಿಕೊಂಡು ಓಡುವ ಸಾಮರ್ಥ್ಯವನ್ನು ಕೌಶಲವೆಂದೂ, ಆ ಕೌಶಲವನ್ನು ಯಾವಾಗ, ಎಲ್ಲಿ, ಯಾವ ಉದ್ದೇಶಕ್ಕೆ ಬಳಸಬೇಕೆಂಬ ತಿಳಿವಳಿಕೆಯನ್ನು ತಂತ್ರವೆಂದೂ ಕರೆಯುವುದು ರೂಢಿ. ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ ಎಂಬಂಥ ತಂಡದ ರಚನೆಯನ್ನೇ ತಂತ್ರವೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ, ಆದರೆ ರಚನೆ ಎಂಬುದು ಆಟ ಆರಂಭವಾಗುವಾಗ ಆಟಗಾರರು ನಿಲ್ಲುವ ಸ್ಥಾನಗಳ ನಕ್ಷೆ ಮಾತ್ರ. ಸೀಟಿ ಊದಿದ ಮರುಕ್ಷಣದಿಂದ ಆ ನಕ್ಷೆ ಕದಡಿಹೋಗುತ್ತದೆ, ಅಲ್ಲಿಂದ ಮುಂದೆ ಪ್ರತಿಯೊಬ್ಬ ಹುಡುಗನೂ ತನ್ನ ಕಣ್ಣಿಗೆ ಕಂಡದ್ದನ್ನು ಆಧರಿಸಿ ತಾನೇ ನಿರ್ಧರಿಸಬೇಕಾಗುತ್ತದೆ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದಲ್ಲಿ ವಿಟೊರ್ ಫ್ರಾಡೆ ರೂಪಿಸಿದ ತರಬೇತಿ ಪದ್ಧತಿಯು ಆಟವನ್ನು ನಾಲ್ಕು ಸನ್ನಿವೇಶಗಳಾಗಿ ನೋಡುತ್ತದೆ: ಚೆಂಡು ನಮ್ಮ ಬಳಿ ಇರುವಾಗ, ಎದುರಾಳಿಯ ಬಳಿ ಇರುವಾಗ, ಚೆಂಡನ್ನು ಆಗಷ್ಟೇ ಕಸಿದುಕೊಂಡಾಗ, ಆಗಷ್ಟೇ ಕಳೆದುಕೊಂಡಾಗ. ಕೊನೆಯ ಎರಡನ್ನು ಪಲ್ಲಟದ ಕ್ಷಣಗಳೆನ್ನಬಹುದು. ಎರಡೂ ತಂಡಗಳು ಅಸ್ತವ್ಯಸ್ತವಾಗಿರುವ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ ಯಾರು ಮೊದಲು ಎಚ್ಚೆತ್ತುಕೊಳ್ಳುತ್ತಾರೋ ಅವರಿಗೇ ಆಟ ಒಲಿಯುವುದು ಹೆಚ್ಚು. ಮಕ್ಕಳ ತಂಡಕ್ಕೆ ಅಭ್ಯಾಸ ರೂಪಿಸುವವರು ಈ ನಾಲ್ಕರಲ್ಲಿ ಯಾವುದನ್ನು ಕಲಿಸುತ್ತಿದ್ದೇವೆ ಎಂಬುದನ್ನು ಬಯಲಿಗೆ ಇಳಿಯುವ ಮುನ್ನವೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದೇ ಸಂಜೆಯಲ್ಲಿ ನಾಲ್ಕನ್ನೂ ಕಲಿಸಹೊರಟ ಅಭ್ಯಾಸದಲ್ಲಿ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಅಭ್ಯಾಸ ಕ್ರಮ ಸಾಲಿನದು. ಹತ್ತು ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿ, ಒಂದು ಚೆಂಡು ಕೊಟ್ಟು, ಕೋನ್‌ಗಳ ನಡುವೆ ಸುತ್ತಿ ಬಂದು ಗೋಲಿಗೆ ಒದೆಯಲು ಹೇಳಲಾಗುತ್ತದೆ. ಸರದಿ ಬರುವವರೆಗೆ ಒಂಬತ್ತು ಮಕ್ಕಳು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾರೆ. ನೋಡುವವರಿಗೆ ಇದು ಶಿಸ್ತಾಗಿ ಕಾಣುತ್ತದೆ, ಆದರೆ ಕೋನ್ ಎಂದೂ ಚೆಂಡು ಕಸಿಯಲು ಬರುವುದಿಲ್ಲವಾದ್ದರಿಂದ ಹುಡುಗ ತಲೆ ಎತ್ತಿ ನೋಡಬೇಕಾದ ಸಂದರ್ಭವೇ ಒದಗುವುದಿಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಬಂಕರ್ ಮತ್ತು ರಾಡ್ ಥೋರ್ಪ್ 1982ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಶಾಲಾ ಮಕ್ಕಳಿಗೆ ಆಟ ಕಲಿಸುವ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಕೌಶಲವನ್ನು ಮೊದಲು ತಿದ್ದಿ, ಆಮೇಲೆ ಆಟಕ್ಕೆ ಬಿಡುವ ಬದಲು, ಮಕ್ಕಳ ಅಳವಿಗೆ ತಕ್ಕಂತೆ ಕಿರಿದಾಗಿಸಿದ ಆಟವನ್ನೇ ಮೊದಲು ಕೊಟ್ಟು, ಆ ಆಟದಲ್ಲಿ ಎದುರಾಗುವ ತೊಡಕನ್ನು ಅವರು ಗುರುತಿಸುವಂತೆ ಮಾಡಿ, ಆ ತೊಡಕನ್ನು ಬಿಡಿಸಲು ಯಾವ ಕೌಶಲ ಬೇಕೋ ಅದನ್ನು ಅವರಿಗೆ ಬೇಕೆನಿಸಿದಾಗ ಹೇಳಿಕೊಡಬೇಕು ಎಂಬುದು ಅವರ ನಿಲುವು. ಏಕೆ ಎಂಬುದು ಮೊದಲು, ಹೇಗೆ ಎಂಬುದು ಆನಂತರ. ಇಂದು ಜಗತ್ತಿನ ಹಲವು ಫುಟ್‌ಬಾಲ್ ಒಕ್ಕೂಟಗಳ ತರಬೇತುದಾರರ ಪಠ್ಯದಲ್ಲಿ ಈ ವಿಚಾರ ಒಂದಲ್ಲ ಒಂದು ರೂಪದಲ್ಲಿ ಸೇರಿಕೊಂಡಿದೆ.

ಕನ್ನಡ ನಾಡಿಗೆ ಫುಟ್‌ಬಾಲ್ ಹೊಸದೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು, ನಾಲ್ಕನೆಯದು 1968-69ರಲ್ಲಿ. ಅದಾದ 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ, ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ ಅವರ ಕೈಕೆಳಗೆ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಇಷ್ಟೆಲ್ಲ ಇದ್ದರೂ ಈ ಪರಂಪರೆಯ ಬಹುಭಾಗ ಬೆಂಗಳೂರಿನ ದಂಡುಪ್ರದೇಶದ ಸುತ್ತಮುತ್ತಲಿನ ಬಡಾವಣೆಗಳಲ್ಲೇ, ಹಲಸೂರು ಬಳಿಯ ಗೌತಮಪುರ, ಆಸ್ಟಿನ್ ಟೌನ್‌ಗಳಂಥ ಕಡೆಗಳಲ್ಲೇ ಬೆಳೆದದ್ದು ಎಂಬುದನ್ನು ಮರೆಯುವಂತಿಲ್ಲ. ಆ ಬಡಾವಣೆಗಳ ಮಕ್ಕಳು ಆಟ ಕಲಿತದ್ದು ವಿಶಾಲ ಮೈದಾನಗಳಲ್ಲಲ್ಲ, ಇಕ್ಕಟ್ಟಾದ ಬಯಲುಗಳಲ್ಲಿ, ಸಿಕ್ಕಷ್ಟು ಮಂದಿಯನ್ನು ಎರಡು ಪಾಲು ಮಾಡಿಕೊಂಡು. ತರಬೇತಿ ಶಾಸ್ತ್ರ ಈಗ ಹೇಳುತ್ತಿರುವುದೂ ಹೆಚ್ಚು ಕಡಿಮೆ ಅದನ್ನೇ.

ಜಾಗದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ದೊಡ್ಡವರ ಫುಟ್‌ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಅದನ್ನು 22 ಆಟಗಾರರಿಗೆ ಹಂಚಿದರೆ ತಲೆಗೆ ಸುಮಾರು 325 ಚದರ ಮೀಟರ್ ಬರುತ್ತದೆ. ಹನ್ನೆರಡು ವರ್ಷದ ಹುಡುಗನನ್ನು ಅಷ್ಟು ಬಯಲಿನಲ್ಲಿ ನಿಲ್ಲಿಸಿದರೆ ಅವನಿಗೆ ಚೆಂಡು ಸಿಗುವುದೇ ಅಪರೂಪ, ಸಿಕ್ಕಾಗ ಜೋರಾಗಿ ಮುಂದಕ್ಕೆ ಒದ್ದು ಅದರ ಹಿಂದೆ ಓಡುವುದೇ ಅವನಿಗೆ ಸುಲಭದ ಉತ್ತರ. ಯಾವ ಮಗು ಬೇಗ ಎತ್ತರಕ್ಕೆ ಬೆಳೆದಿದೆಯೋ ಅದೇ ಗೆಲ್ಲುತ್ತದೆ. ಈಗ ಶಾಲೆಯ ಅಂಗಳದಲ್ಲಿರುವ ಗೆರೆಗಳನ್ನು ನೋಡಬೇಕು. ಖೋಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ, ಅಂದರೆ 432 ಚದರ ಮೀಟರ್. ಅದರಲ್ಲಿ ನಾಲ್ವರ ಎದುರು ನಾಲ್ವರನ್ನು ಆಡಿಸಿದರೆ ತಲೆಗೆ 54 ಚದರ ಮೀಟರ್. ವಾಲಿಬಾಲ್ ಅಂಕಣ 18 ಮೀಟರ್‌ಗೆ 9 ಮೀಟರ್. ನಡುಗೆರೆಯಿಂದ ಅದು 9 ಮೀಟರ್ ಚೌಕಗಳೆರಡಾಗಿ ತಾನಾಗಿಯೇ ಭಾಗವಾಗಿರುತ್ತದೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್‌ಗೆ 10 ಮೀಟರ್, ಕಿರಿಯರದು ಇದಕ್ಕಿಂತ ಚಿಕ್ಕದು. ಜಾಗ ಕಿರಿದಾದಷ್ಟೂ ಎದುರಾಳಿ ಹತ್ತಿರ ಬರುತ್ತಾನೆ, ಯೋಚಿಸಲು ಸಿಗುವ ಸಮಯ ಕಡಿಮೆಯಾಗುತ್ತದೆ, ಚೆಂಡು ಮುಟ್ಟುವ ಸರದಿ ಹೆಚ್ಚುತ್ತದೆ. ಜಾಗ ಹಿಗ್ಗಿಸಿದಷ್ಟೂ ಓಟ ಹೆಚ್ಚಿ, ದೂರದ ಪಾಸಿಗೆ ಬೆಲೆ ಬರುತ್ತದೆ. ಅಭ್ಯಾಸ ರೂಪಿಸುವವರ ಕೈಯಲ್ಲಿರುವ ಅತ್ಯಂತ ಶಕ್ತವಾದ ಸಾಧನವೆಂದರೆ ಈ ಅಳತೆಯೇ. ಫುಟ್‌ಬಾಲ್‌ನ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಕೂಡ ಮಕ್ಕಳ ಆಟಕ್ಕಾಗಿ ಮೈದಾನ, ಚೆಂಡು, ಗೋಲು, ಆಟದ ಅವಧಿ ಇವನ್ನೆಲ್ಲ ಕಿರಿದುಗೊಳಿಸಲು ಆಯಾ ದೇಶದ ಒಕ್ಕೂಟಗಳಿಗೆ ಅವಕಾಶ ಕೊಟ್ಟಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2018ರಲ್ಲಿ ಆರಂಭಿಸಿದ ಬೇಬಿ ಲೀಗ್‌ಗಳೂ ಇದೇ ತತ್ವದ ಮೇಲೆ ನಿಂತಿದ್ದವು.

ಇಂಥ ಒಂದು ಅಭ್ಯಾಸವನ್ನು ಮೊದಲಿನಿಂದ ಕೊನೆಯವರೆಗೆ ರೂಪಿಸಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಹದಿನಾಲ್ಕು ವರ್ಷದೊಳಗಿನ 16 ಮಕ್ಕಳು, ನಾಲ್ಕು ಚೆಂಡು, ಶಾಲೆ ಬಿಟ್ಟ ಮೇಲೆ ಊರಿನ ಬಸ್ಸು ಬರುವವರೆಗೆ ಸಿಗುವ 75 ನಿಮಿಷ ಎಂದಿಟ್ಟುಕೊಳ್ಳಬಹುದು. ಆ ದಿನದ ವಿಷಯ ಒಂದೇ: ಚೆಂಡಿರುವ ಕಡೆ ಎಲ್ಲರೂ ಮುತ್ತಿಕೊಂಡಾಗ ದೂರದಲ್ಲಿ ಉಳಿಯುವ ಖಾಲಿ ಜಾಗವನ್ನು ಕಾಣುವುದು, ಕಂಡು ಚೆಂಡನ್ನು ಅಲ್ಲಿಗೆ ದಾಟಿಸುವುದು. ಮೊದಲ 15 ನಿಮಿಷ ರಾಂಡೊ. ಸುತ್ತ ನಿಂತವರು ಚೆಂಡನ್ನು ತಮ್ಮತಮ್ಮಲ್ಲೇ ಸಾಗಿಸುತ್ತ, ನಡುವೆ ಇರುವವರು ಅದನ್ನು ಕಸಿಯಲು ಯತ್ನಿಸುವ, ಸ್ಪೇನ್‌ನಲ್ಲಿ ಬಹುವಾಗಿ ಬಳಕೆಯಲ್ಲಿರುವ ಅಭ್ಯಾಸಕ್ಕೆ ಈ ಹೆಸರು. ಕಬಡ್ಡಿ ಅಂಕಣದಲ್ಲಿ ನಾಲ್ವರ ನಡುವೆ ಇಬ್ಬರು, ವಾಲಿಬಾಲ್ ಅಂಕಣದ ಎರಡು ಚೌಕಗಳಲ್ಲಿ ನಾಲ್ವರ ನಡುವೆ ಒಬ್ಬೊಬ್ಬರು. ಆರು, ಐದು, ಐದು ಸೇರಿ 16 ಮಕ್ಕಳೂ ಏಕಕಾಲಕ್ಕೆ ಆಡುತ್ತಿರುತ್ತಾರೆ, ಯಾರೂ ಸಾಲಿನಲ್ಲಿ ಕಾಯುವುದಿಲ್ಲ, ಐದು ನಿಮಿಷಕ್ಕೊಮ್ಮೆ ಗುಂಪುಗಳು ಅಂಕಣ ಬದಲಿಸುತ್ತವೆ. ಪಕ್ಕದವನಿಗೆ ಕೊಟ್ಟ ಪಾಸಿಗೆ ಅಂಕವಿಲ್ಲ, ನಡುವಿನವರನ್ನು ಸೀಳಿಕೊಂಡು ಎದುರು ಬದಿಗೆ ತಲುಪಿದ ಪಾಸಿಗೆ ಒಂದು ಅಂಕ ಎಂಬ ನಿಯಮವೊಂದನ್ನು ಸೇರಿಸಿದರೆ ಮಕ್ಕಳ ಕಣ್ಣು ತಾನಾಗಿಯೇ ದೂರಕ್ಕೆ ಹಾಯುತ್ತದೆ.

ಮುಂದಿನ 25 ನಿಮಿಷ ಖೋಖೋ ಅಂಕಣದಲ್ಲಿ. ಇಲ್ಲಿ ಬಳಸುವ ಆಟದ ಮೂಲ ಜರ್ಮನಿಯ ಹೋರ್ಸ್ಟ್ ವೈನ್ ಅವರದು. ಅವರು ಮೂಲತಃ ಹಾಕಿ ತರಬೇತುದಾರರು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಹಾಕಿ ಫೈನಲ್‌ನಲ್ಲಿ ಭಾರತಕ್ಕೆ 3-4ರಿಂದ ಸೋತ ಸ್ಪೇನ್ ತಂಡವನ್ನು ಪಳಗಿಸಿದ್ದವರು ಅವರೇ. ಮುಂದೆ ವೈನ್ ಮಕ್ಕಳ ಫುಟ್‌ಬಾಲ್ ಕಡೆಗೆ ತಿರುಗಿ, ಮೂವರ ಎದುರು ಮೂವರು, ಒಟ್ಟು ನಾಲ್ಕು ಗೋಲು ಎಂಬ ಆಟವನ್ನು ಪ್ರಚುರಪಡಿಸಿದರು. ಪ್ರತಿ ತಂಡಕ್ಕೂ ಕಾಯಲು ಎರಡು ಗೋಲು, ಹೊಡೆಯಲು ಎರಡು ಗೋಲು. ಖೋಖೋ ಅಂಕಣದ 27 ಮೀಟರ್ ಉದ್ದದ ಗೆರೆಗಳನ್ನೇ ಗೋಲಿನ ಗೆರೆಗಳನ್ನಾಗಿ ಮಾಡಿ, ಅವುಗಳ ನಾಲ್ಕು ತುದಿಗಳಲ್ಲಿ ಜೋಡಿ ಚಪ್ಪಲಿಗಳನ್ನಿಟ್ಟು ಎರಡೆರಡು ಹೆಜ್ಜೆಯ ಗೋಲುಗಳನ್ನು ಗುರುತಿಸಿದರೆ, ಆಳ ಕಡಿಮೆಯಿದ್ದು ಅಗಲ ಹೆಚ್ಚಿರುವ ಬಯಲು ಸಿಗುತ್ತದೆ. ಇಲ್ಲಿ ನಾಲ್ವರ ಎದುರು ನಾಲ್ವರನ್ನು ಆಡಿಸಬಹುದು. ಉಳಿದ ಎಂಟು ಮಂದಿಗೆ ಪಕ್ಕದಲ್ಲೇ ಹೆಜ್ಜೆ ಅಳೆದು ಇನ್ನೊಂದು ಅಂಕಣ ಗುರುತಿಸಬೇಕು. ಖೋಖೋ ಕಂಬಗಳನ್ನು ಕಿತ್ತಿಡಲು ಬಾರದಿದ್ದರೆ ಗೋಣಿಚೀಲ ಸುತ್ತಿ ಕಟ್ಟುವುದನ್ನು ಮರೆಯಬಾರದು, ಚೆಂಡಿನ ಮೇಲೆ ಕಣ್ಣಿಟ್ಟು ಓಡುವ ಮಗುವಿಗೆ ಮರದ ಕಂಬ ಕಾಣುವುದಿಲ್ಲ.

ಆಟ ಆರಂಭವಾದ ಮೊದಲ ಕೆಲವು ನಿಮಿಷ ನಡೆಯುವುದು ಬಹುತೇಕ ಎಲ್ಲ ಕಡೆಯೂ ಒಂದೇ. ಎಂಟೂ ಮಕ್ಕಳು ಚೆಂಡಿರುವ ಮೂಲೆಗೆ ನುಗ್ಗುತ್ತಾರೆ, ಕಾಲುಗಳ ಕಾಡಿನಲ್ಲಿ ಚೆಂಡು ಸಿಕ್ಕಿಕೊಳ್ಳುತ್ತದೆ, ಇಪ್ಪತ್ತು ಮೀಟರ್ ಆಚೆಗಿರುವ ಇನ್ನೊಂದು ಗೋಲು ಕಾವಲಿಲ್ಲದೆ ಬಿದ್ದಿರುತ್ತದೆ. ಕೂಗಿ ತಿದ್ದುವ ಆಸೆಯನ್ನು ತರಬೇತುದಾರರು ಇಲ್ಲಿ ತಡೆದುಕೊಳ್ಳಬೇಕು. ಸ್ವಲ್ಪ ಹೊತ್ತಿನಲ್ಲೇ ಯಾರೋ ಒಬ್ಬ ಹುಡುಗಿಯೋ ಹುಡುಗನೋ ದಾರಿ ಕಾಣದೆ ಚೆಂಡಿನೊಂದಿಗೆ ಹಿಂದಕ್ಕೆ ತಿರುಗುತ್ತಾರೆ, ತಿರುಗಿದಾಗ ಆ ಖಾಲಿ ಗೋಲು ಕಣ್ಣಿಗೆ ಬೀಳುತ್ತದೆ. ಒಂದು ಗೋಲು ಹಾಗೆ ಬಿದ್ದ ಮೇಲೆ ಎದುರು ತಂಡ ಒಬ್ಬರನ್ನು ಆ ಕಡೆ ಕಾವಲಿಗೆ ಬಿಡುತ್ತದೆ. ಆಗ ಚೆಂಡಿನ ಬಳಿ ಅವರ ಸಂಖ್ಯೆ ಮೂರಕ್ಕೆ ಇಳಿಯುತ್ತದೆ, ನಾಲ್ವರ ಎದುರು ಮೂವರಾದ ಆ ಮೂಲೆಯಲ್ಲೇ ಈಗ ದಾರಿ ತೆರೆದುಕೊಳ್ಳುತ್ತದೆ. ದೂರದ ಜಾಗ ಖಾಲಿಯಿದ್ದರೆ ದಾಟಿಸು, ಅದನ್ನು ಮುಚ್ಚಿದ್ದರೆ ಇಲ್ಲೇ ನುಗ್ಗು ಎಂಬ, ದೊಡ್ಡವರ ಫುಟ್‌ಬಾಲ್‌ನಲ್ಲೂ ಉಳಿಯುವ ಮೂಲ ಪ್ರಶ್ನೆ ಹೀಗೆ ಮಕ್ಕಳ ಮುಂದೆ ತಾನಾಗಿ ನಿಲ್ಲುತ್ತದೆ. ತರಬೇತುದಾರರು ಒಮ್ಮೆ ಆಟ ನಿಲ್ಲಿಸಿ, ಎಲ್ಲರನ್ನೂ ನಿಂತಲ್ಲೇ ನಿಲ್ಲುವಂತೆ ಹೇಳಿ, ಯಾವ ಗೋಲು ಖಾಲಿಯಿದೆ, ಅದು ಯಾರಿಗೆ ಮೊದಲು ಕಂಡಿತು, ಚೆಂಡು ಬರುವ ಮುನ್ನವೇ ಅದನ್ನು ನೋಡಿಕೊಳ್ಳಲು ಹೇಗೆ ನಿಂತಿರಬೇಕಿತ್ತು ಎಂದು ಕೇಳಿದರೆ ಸಾಕು. ಚೆಂಡಿಗೆ ಎದೆಯೊಡ್ಡಿ ನಿಂತವನಿಗೆ ಅರ್ಧ ಬಯಲು ಮಾತ್ರ ಕಾಣುತ್ತದೆ, ಓರೆಯಾಗಿ ಮೈ ತಿರುಗಿಸಿ ನಿಂತವನಿಗೆ ಎರಡೂ ಗೋಲು ಕಾಣುತ್ತವೆ ಎಂಬ ಉತ್ತರ ಮಕ್ಕಳ ಬಾಯಿಂದಲೇ ಬಂದರೆ ಅದು ಮನಸ್ಸಿನಲ್ಲಿ ಉಳಿಯುವ ಬಗೆಯೇ ಬೇರೆ.

ಕೊನೆಯ 25 ನಿಮಿಷ ಇಡೀ ಬಯಲಿನಲ್ಲಿ ಎಂಟರ ಎದುರು ಎಂಟು, ಗೋಲು ಒಂದೊಂದೇ. ಒಂದು ಬದಿಯಿಂದ ಇನ್ನೊಂದು ಬದಿಗೆ ಚೆಂಡು ದಾಟಿಸಿದ ಬೆನ್ನಲ್ಲೇ ಬಿದ್ದ ಗೋಲಿಗೆ ಎರಡು ಅಂಕ, ಬೇರೆ ಗೋಲಿಗೆ ಒಂದು. ಇಲ್ಲಿ ಆಟವನ್ನು ಒಮ್ಮೆಯೂ ನಿಲ್ಲಿಸಬಾರದು, ಏಕೆಂದರೆ ಕಲಿತದ್ದು ನಿಜವಾದ ಆಟದಲ್ಲಿ ಕಾಣಿಸಿಕೊಳ್ಳುತ್ತದೆಯೇ ಎಂಬುದನ್ನು ನೋಡುವ ಸಮಯ ಇದು. ಉಳಿದ ನಿಮಿಷಗಳು ಅಂಕಣ ಬದಲಿಸಲು, ನೀರು ಕುಡಿಯಲು. ಪಾವಗಡ, ಶಿರಾ ಕಡೆಯ ಬಿಸಿಲಿನಲ್ಲಿ ನೀರಿನ ಬಿಡುವನ್ನು ಕಳೆಯಲು ಹೋಗಬಾರದು.

ನಿಯಮಗಳನ್ನು ಸೇರಿಸುವುದು ನೋಡಲು ಸುಲಭ, ಮಾಡಲು ಎಚ್ಚರ ಬೇಕಾದ ಕೆಲಸ. ಐದು ಪಾಸ್ ಆದ ಮೇಲಷ್ಟೇ ಗೋಲು ಹೊಡೆಯಬೇಕು ಎಂಬ ನಿಯಮ ಬಹಳ ಕಡೆ ಚಾಲ್ತಿಯಲ್ಲಿದೆ. ಅದರ ಉದ್ದೇಶ ಒಳ್ಳೆಯದೇ, ಆದರೆ ಗೋಲು ಎದುರಿಗೇ ತೆರೆದಿರುವಾಗಲೂ ಮಗು ಲೆಕ್ಕ ತುಂಬಿಸಲು ಚೆಂಡನ್ನು ಹಿಂದಕ್ಕೆ ಕೊಡುತ್ತದೆ, ಅಂದರೆ ಪಂದ್ಯದಲ್ಲಿ ಮಾಡಲೇಬಾರದ ತೀರ್ಮಾನವನ್ನು ಅಭ್ಯಾಸದಲ್ಲಿ ರೂಢಿಸಿಕೊಳ್ಳುತ್ತದೆ. ಅದೇ ನಿಯಮವನ್ನು ಐದು ಪಾಸಿಗೆ ಒಂದು ಅಂಕ, ಗೋಲಿಗೆ ಎರಡು ಅಂಕ ಎಂದು ಬದಲಿಸಿದರೆ ಚೆಂಡು ಉಳಿಸಿಕೊಳ್ಳುವುದಕ್ಕೂ ಬೆಲೆ ಬರುತ್ತದೆ, ಆಯ್ಕೆಯೂ ಮಗುವಿನ ಕೈಯಲ್ಲೇ ಉಳಿಯುತ್ತದೆ. ಒಬ್ಬರು ಎರಡು ಬಾರಿಗಿಂತ ಹೆಚ್ಚು ಚೆಂಡು ಮುಟ್ಟಬಾರದೆಂಬ ನಿಯಮವೂ ಹೀಗೆಯೇ. ಹನ್ನೆರಡರೊಳಗಿನ ಮಕ್ಕಳಿಗೆ ಅದನ್ನು ಹೇರಿದರೆ ಎದುರಾಳಿಯನ್ನು ವಂಚಿಸಿ ಮುನ್ನುಗ್ಗುವ ಧೈರ್ಯವನ್ನೇ ಚಿವುಟಿದಂತಾಗುತ್ತದೆ, ಅಹ್ಮದ್ ಖಾನ್‌ರಂಥ ಆಟಗಾರರು ಹುಟ್ಟುವುದು ಆ ಧೈರ್ಯದಿಂದಲೇ. ಪಲ್ಲಟದ ಕ್ಷಣವನ್ನು ಕಲಿಸುವ ದಿನ, ಚೆಂಡು ಕಸಿದ ಆರು ಸೆಕೆಂಡಿನೊಳಗೆ ಬಿದ್ದ ಗೋಲಿಗೆ ಎರಡು ಅಂಕ ಎನ್ನಬಹುದು. ಹಿಂದಿನವರೂ ಮುಂದಕ್ಕೆ ಸರಿಯುವುದನ್ನು ಕಲಿಸುವ ದಿನ, ತಂಡದ ಎಲ್ಲರೂ ನಡುಗೆರೆ ದಾಟಿದ್ದರೆ ಗೋಲಿಗೆ ಹೆಚ್ಚುವರಿ ಅಂಕ ಎನ್ನಬಹುದು. ಒಂದು ನಿಯಮ ಸರಿಯೋ ತಪ್ಪೋ ಎಂದು ಅಳೆಯಲು ಒಂದೇ ಪ್ರಶ್ನೆ ಸಾಕು: ಈ ನಿಯಮವನ್ನು ತೆಗೆದುಹಾಕಿದ ಮೇಲೂ, ನಿಜವಾದ ಪಂದ್ಯದಲ್ಲಿ, ಮಗು ಇದೇ ತೀರ್ಮಾನ ಮಾಡುವುದು ಒಳ್ಳೆಯದೇ?

ಎದುರಾಳಿಯ ಬಳಿ ಚೆಂಡಿರುವಾಗ ಏನು ಮಾಡಬೇಕೆಂಬುದನ್ನು ಕಲಿಸುವಲ್ಲಿ ಹೊಳವನಹಳ್ಳಿಯಂಥ ಕಡೆಯ ತರಬೇತುದಾರರಿಗೆ ನಗರದವರಿಗಿಲ್ಲದ ಅನುಕೂಲವೊಂದಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಈ ಭಾಗದ ಮಕ್ಕಳು ಎಳವೆಯಿಂದ ಕಬಡ್ಡಿ ಆಡಿದವರು. ರೈಡರ್ ಎಡ ಕಾರ್ನರ್ ಕಡೆಗೆ ಕಾಲು ಚಾಚಿದಾಗ ಆ ಕಾರ್ನರ್ ಆಟಗಾರ ದುಡುಕದೆ ಹಿಂದೆ ಸರಿದು ಅವನನ್ನು ಒಳಕ್ಕೆಳೆಯುತ್ತಾನೆ, ಪಕ್ಕದ ಕವರ್ ಆಟಗಾರ ಹಿಂದಿರುಗುವ ದಾರಿ ಮುಚ್ಚುತ್ತಾನೆ, ಬಲಗಡೆಯವರು ನಡುವಿನ ಕಡೆಗೆ ಜರುಗಿ ಸಾಲು ಒಡೆಯದಂತೆ ನೋಡಿಕೊಳ್ಳುತ್ತಾರೆ. ಒಬ್ಬನೇ ಅವಸರಪಟ್ಟು ಬಿದ್ದರೆ ಅಂಕ ರೈಡರ್‌ನದು. ಫುಟ್‌ಬಾಲ್ ರಕ್ಷಣೆಯ ಮೂರು ಮೂಲಪಾಠಗಳೂ ಇವೇ: ಮೊದಲ ರಕ್ಷಕ ಚೆಂಡಿರುವವನ ಮೇಲೆ ಒತ್ತಡ ಹಾಕಿ ಅವನ ಓಟ ತಡೆಯುತ್ತಾನೆ, ಎರಡನೆಯವನು ಹಿಂದೆ ಓರೆಯಾಗಿ ನಿಂತು ಬೆಂಬಲ ಕೊಡುತ್ತಾನೆ, ಮೂರನೆಯವನು ದೂರದ ಬದಿಯಿಂದ ಒಳಕ್ಕೆ ಸರಿದು ಸಮತೋಲ ಕಾಯುತ್ತಾನೆ. ಯುರೋಪಿನ ಪುಸ್ತಕಗಳಲ್ಲಿ ಬಾಣದ ಗುರುತುಗಳಿಂದ ವಿವರಿಸುವ ಈ ಪಾಠವನ್ನು ಕಬಡ್ಡಿ ಆಡಿದ ಮಕ್ಕಳಿಗೆ ಕವರ್ ಎಂಬ ಒಂದೇ ಪದದಿಂದ ನೆನಪಿಸಬಹುದು. ಆದರೆ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ಕಬಡ್ಡಿಯಲ್ಲಿ ರೈಡರ್ ಒಬ್ಬನೇ, ಅವನು ಮರಳಬೇಕಾದ ಗೆರೆ ಗೊತ್ತಿರುವಂಥದ್ದು; ಫುಟ್‌ಬಾಲ್‌ನಲ್ಲಿ ಚೆಂಡು ಯಾವ ಕ್ಷಣದಲ್ಲೂ ಇನ್ನೊಬ್ಬನಿಗೆ ದಾಟಬಹುದು, ದಾಟಿದ ಕೂಡಲೇ ಮೂರನೆಯವನೇ ಮೊದಲ ರಕ್ಷಕನಾಗುತ್ತಾನೆ. ಈ ಪಾತ್ರ ಬದಲಾವಣೆಯನ್ನು ಮೂವರ ಎದುರು ಮೂವರ ಆಟದಲ್ಲಿ ಮತ್ತೆ ಮತ್ತೆ ಅನುಭವಿಸಿಯೇ ಕಲಿಯಬೇಕು. ಖೋಖೋ ಆಡಿದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಓಡುತ್ತಲೇ ದಿಕ್ಕು ಬದಲಿಸುವ ಚುರುಕಿನ ಜೊತೆಗೆ ಯಾರಿಗೆ ಯಾವ ಕ್ಷಣದಲ್ಲಿ ಖೋ ಕೊಟ್ಟರೆ ಓಡುವವಳು ಸಿಕ್ಕಿಬೀಳುತ್ತಾಳೆ ಎಂಬ ಲೆಕ್ಕ ಕರಗತವಾಗಿರುತ್ತದೆ. ಪಾಸ್ ಕೊಡುವ ಕ್ಷಣದ ಆಯ್ಕೆಯೂ ಅದೇ ಜಾತಿಯ ಲೆಕ್ಕ. ಪ್ರೌಢಶಾಲೆಗಳಲ್ಲಿ ಹುಡುಗಿಯರನ್ನು ಥ್ರೋಬಾಲ್‌ಗೆ ಮಾತ್ರ ಮೀಸಲಿಟ್ಟು ಫುಟ್‌ಬಾಲ್‌ನಿಂದ ದೂರವಿಡುವುದಕ್ಕೆ ಆಟದ ದೃಷ್ಟಿಯಿಂದ ಯಾವ ಕಾರಣವೂ ಇಲ್ಲ.

ನೆಲದ ಗುಣವನ್ನೂ ಅಭ್ಯಾಸದ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕಾಗುತ್ತದೆ. ಗರಸು ಮಣ್ಣಿನ ಗಟ್ಟಿ ಬಯಲಿನಲ್ಲಿ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ನೆಲದ ಮೇಲಿನ ಪಾಸ್ ಕಲ್ಲಿಗೆ ತಾಗಿ ದಿಕ್ಕು ತಪ್ಪುತ್ತದೆ, ಜಾರಿ ಬಿದ್ದು ಚೆಂಡು ಕಸಿಯುವ ಯತ್ನದಲ್ಲಿ ತೊಡೆ ಮಂಡಿಗಳ ಚರ್ಮ ಕಿತ್ತುಬರುತ್ತದೆ. ಜಾರಿ ಕಸಿಯುವುದನ್ನು ಇಂಥ ನೆಲದಲ್ಲಿ ನಿಷೇಧಿಸುವುದೇ ಸರಿ, ನಿಂತೇ ತಡೆಯುವ ಕಲೆಗೆ ಅದರಿಂದ ಲಾಭವೇ ಆಗುತ್ತದೆ. ಗಾಳಿ ಸ್ವಲ್ಪ ಕಡಿಮೆ ತುಂಬಿದ ನಾಲ್ಕನೇ ಅಳತೆಯ ಚೆಂಡು ಈ ನೆಲಕ್ಕೂ ಈ ವಯಸ್ಸಿಗೂ ಒಗ್ಗುತ್ತದೆ; ದೊಡ್ಡವರ ಐದನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಎಳೆಯ ಕಾಲಿಗೆ ಅದು ಭಾರ.

ವಯಸ್ಸಿಗೆ ತಕ್ಕಂತೆ ಪಾಠ ಬದಲಾಗಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ, ಕ್ರೀಡಾಕೂಟ ಹತ್ತಿರ ಬಂದಾಗ ಮರೆಯುತ್ತಾರೆ. ಹತ್ತು ವರ್ಷದೊಳಗಿನ ಮಗುವಿಗೆ ಚೆಂಡು ಮತ್ತು ತಾನು, ಇಷ್ಟೇ ಲೋಕ. ಅದನ್ನು ಪಾಸ್ ಕೊಡು ಎಂದು ಗದರುವುದರಿಂದ ಪ್ರಯೋಜನವಿಲ್ಲ. ಹತ್ತರಿಂದ ಹನ್ನೆರಡರವರೆಗೆ ಇಬ್ಬರು ಸೇರಿ ಒಬ್ಬನನ್ನು ದಾಟುವುದು, ಹದಿಮೂರು ಹದಿನಾಲ್ಕರಲ್ಲಿ ಮೂರು ನಾಲ್ಕು ಮಂದಿಯ ಹೊಂದಾಣಿಕೆ, ಹದಿನೈದರ ನಂತರ ಇಡೀ ತಂಡದ ಸಾಲುಗಳ ನಡುವಿನ ಅಂತರ, ಆಫ್‌ಸೈಡ್ ಬಲೆ ಮುಂತಾದವು. ಚೆಂಡು ಮುಂದಕ್ಕೆ ಹೊರಟ ಕ್ಷಣದಲ್ಲಿ ಎದುರು ತಂಡದ ಅಂಗಳದಲ್ಲಿರುವ ಆಟಗಾರ ಚೆಂಡಿಗಿಂತಲೂ ಎದುರಾಳಿಗಳ ಪೈಕಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿರಬಾರದೆಂಬುದು ಆಫ್‌ಸೈಡ್ ನಿಯಮದ ತಿರುಳು. 1925ಕ್ಕೆ ಮೊದಲು ಈ ಲೆಕ್ಕ ಮೂವರದಾಗಿತ್ತು, ಅದನ್ನು ಇಬ್ಬರಿಗೆ ಇಳಿಸಿದ ಒಂದೇ ಬದಲಾವಣೆಯಿಂದ ಇಡೀ ಆಟದ ರಚನೆಗಳು ಮಾರ್ಪಟ್ಟವು. ಒಂದು ನಿಯಮವನ್ನು ಸ್ವಲ್ಪ ಸರಿಸಿದರೆ ಆಟಗಾರರ ಯೋಚನೆ ಎಷ್ಟು ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಒಂದೇ ವಯೋಮಿತಿಯೊಳಗೂ ಮಕ್ಕಳು ಸಮಾನರಲ್ಲ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚು ಕಡಿಮೆ ಒಂದು ವರ್ಷದ ಅಂತರವಿರುತ್ತದೆ, ಹದಿಮೂರರ ಪ್ರಾಯದಲ್ಲಿ ಆ ಅಂತರ ಎತ್ತರದಲ್ಲಿ, ಬಲದಲ್ಲಿ ಎದ್ದು ಕಾಣುತ್ತದೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದೇ ಹುಟ್ಟಿದ ದಿನ ಬರೆಸುವ ವಾಡಿಕೆ ಒಂದು ಕಾಲಕ್ಕೆ ನಮ್ಮಲ್ಲಿ ಎಷ್ಟು ವ್ಯಾಪಕವಾಗಿತ್ತೆಂದರೆ, ದಾಖಲೆಯ ವಯಸ್ಸು ಮೈಯ ವಯಸ್ಸನ್ನು ಹೇಳುತ್ತದೆಂದು ನಂಬುವುದೇ ಕಷ್ಟವಾಗಿತ್ತು. ಬೇಗ ಬೆಳೆದವನನ್ನು ಮುಂದೆ ನಿಲ್ಲಿಸಿ ಉದ್ದಕ್ಕೆ ಒದ್ದರೆ ತಾಲ್ಲೂಕು ಮಟ್ಟದಲ್ಲಿ ಗೆಲ್ಲಬಹುದು, ಆದರೆ ಎರಡು ವರ್ಷದಲ್ಲಿ ಉಳಿದವರೂ ಅವನ ಎತ್ತರಕ್ಕೆ ಬಂದಾಗ ಅವನ ಬಳಿ ಬೇರೆ ಯಾವ ವಿದ್ಯೆಯೂ ಉಳಿದಿರುವುದಿಲ್ಲ, ಬೆಂಚಿನಲ್ಲಿ ಕೂತ ಸಣ್ಣ ಮೈಯ ಜಾಣ ಹುಡುಗ ಅಷ್ಟರಲ್ಲಿ ಆಟವನ್ನೇ ಬಿಟ್ಟಿರುತ್ತಾನೆ. ಹಾಗೆಯೇ, ಎತ್ತರಕ್ಕೆ ಬೆಳೆಯುವ ಭರದಲ್ಲಿರುವ ಮಗು ಮಂಡಿಚಿಪ್ಪಿನ ಕೆಳಗೆ ನೋವೆಂದರೆ ಅದನ್ನು ಸೋಮಾರಿತನವೆಂದು ಎಣಿಸಬಾರದು. ಒದೆತ ಜಿಗಿತಗಳು ಹೆಚ್ಚಾದಾಗ ಬೆಳೆಯುವ ಮೂಳೆಯ ಮೇಲೆ ಸ್ನಾಯುರಜ್ಜು ಜಗ್ಗಿ ಉಂಟಾಗುವ ನೋವದು, ಓಸ್‌ಗುಡ್-ಶ್ಲಾಟರ್ ಎಂದು ವೈದ್ಯರು ಹೆಸರಿಸುತ್ತಾರೆ, ಅಭ್ಯಾಸ ತಗ್ಗಿಸಿ ವೈದ್ಯರಿಗೆ ತೋರಿಸುವುದೇ ದಾರಿ.

ಮಳೆಗಾಲದ ನಡುವೆ ಶಾಲಾ ಕ್ರೀಡಾಕೂಟಗಳು ಬರುವುದರಿಂದ, ಜೂನ್‌ನಲ್ಲಿ ಶಾಲೆ ಆರಂಭವಾದಾಗಿನಿಂದ ತಂಡದ ಕೈಯಲ್ಲಿರುವುದು ಕೆಲವೇ ವಾರಗಳು. ವಾರಕ್ಕೆ ಒಂದು ವಿಷಯ, ಅದನ್ನೇ ವಾರದ ಎರಡು ಮೂರು ಅಭ್ಯಾಸಗಳಲ್ಲಿ ಬೇರೆ ಬೇರೆ ಅಂಕಣಗಳಲ್ಲಿ ಆಡಿಸುವುದು ಎಂಬ ಲೆಕ್ಕ ಹಾಕಿದರೆ ನಾಲ್ಕೂ ಸನ್ನಿವೇಶಗಳು ಒಂದೊಂದು ಸುತ್ತು ಬರುತ್ತವೆ. ಪಂದ್ಯದ ದಿನ ಗೆರೆಯಾಚೆ ನಿಂತು ಒದಿ, ಓಡು, ಬಿಡು ಎಂದು ಕೂಗುವುದರಿಂದ ತೀರ್ಮಾನ ಮತ್ತೆ ಮಗುವಿನ ಕೈತಪ್ಪಿ ದೊಡ್ಡವರ ಬಾಯಿಗೆ ಹೋಗುತ್ತದೆ, ವಾರಗಟ್ಟಲೆ ಕಲಿಸಿದ್ದನ್ನು ಒಂದೇ ಪಂದ್ಯದಲ್ಲಿ ಅಳಿಸಿದಂತಾಗುತ್ತದೆ. ಅದರ ಬದಲು ದೈಹಿಕ ಶಿಕ್ಷಕರು ಒಂದು ನೋಟ್‌ಬುಕ್ ಹಿಡಿದು, ಚೆಂಡು ಎಷ್ಟು ಬಾರಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿತು, ಕಳೆದುಕೊಂಡ ಚೆಂಡನ್ನು ಎಷ್ಟು ಬಾರಿ ಕೂಡಲೇ ಮರಳಿ ಪಡೆಯಲಾಯಿತು, ಯಾವ ಮಗುವಿಗೆ ಚೆಂಡೇ ಸಿಗಲಿಲ್ಲ ಎಂಬುದನ್ನು ಗೀಟು ಹಾಕಿ ಗುರುತಿಸಿಕೊಂಡರೆ, ಮುಂದಿನ ವಾರ ಸುಣ್ಣದ ಗೆರೆಗಳ ನಡುವೆ ಏನನ್ನು ಆಡಿಸಬೇಕೆಂಬುದು ಆ ಹಾಳೆಯಲ್ಲೇ ಸಿಗುತ್ತದೆ.